ಕೈಯಲ್ಲಿ ಮಾಡಿದ ಫ್ರೀರೈಡ್ ಸ್ಕೀ: ಆಳದ ಪೌಡರ್‌ನಲ್ಲಿ (ಹೊಸ ಮೆತ್ತನೆ ಹಿಮದಲ್ಲಿ) ಟೆಸ್ಟ್ ಮಾಡೋದು ಹೇಗೆ?

ಗರಾಜ್_ಪ್ರೆಸ್ (ವ್ಯಾಂಕೂವರ್):

ಎಲ್ಲರಿಗೂ ನಮಸ್ಕಾರ. ಒಂದೇ ಮೋಲ್ಡ್‌ನಲ್ಲಿ ಒತ್ತಿದ ಎರಡು ಜೊತೆ ಸ್ಕೀ ಇವೆ. ಎರಡರ ಉದ್ದ 186 ಸೆಂ.ಮೀ., ಅಗಲ ಮುಂದೆ-ನಡುವೆ-ಹಿಂದೆ 142-118-130 ಮಿ.ಮೀ. ಮುಂದಿನ ರಾಕರ್ (ತುದಿ ಮೇಲಕ್ಕೆ ಬಾಗಿರೋ ಭಾಗ) 40 ಸೆಂ.ಮೀ., ಹಿಂದಿನದು 25 ಸೆಂ.ಮೀ., ನಡುವೆ 3 ಮಿ.ಮೀ. ಕ್ಯಾಂಬರ್ (ಕಮಾನಿನಂಥ ಉಬ್ಬು). ಬೇಸ್ (ಹಿಮಕ್ಕೆ ತಾಗೋ ತಳ) 1.3 ಮಿ.ಮೀ. ಸಿಂಟರ್ಡ್ ಪ್ಲಾಸ್ಟಿಕ್.

ಜೊತೆ 1: ಪಾಪ್ಲರ್ ಮತ್ತು ಆಶ್ ಮರದ ಕೋರ್ (ಒಳತಿರುಳು), ದಪ್ಪ 2.0–11.5–2.0 ಮಿ.ಮೀ. ಮೇಲೆ ಕೆಳಗೆ ಚದರ ಮೀಟರಿಗೆ 750 ಗ್ರಾಂ ತೂಗೋ, ಮೂರು ದಿಕ್ಕಿನ ಎಳೆಯ ಟ್ರೈಆ್ಯಕ್ಸಿಯಲ್ ಗ್ಲಾಸ್‌ಫೈಬರ್. ಒಂದೊಂದು ಸ್ಕೀ 2,150 ಗ್ರಾಂ.

ಜೊತೆ 2: ಪೌಲೋನಿಯಾ ಕೋರ್, ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿಯೋ ಸಾಧನ) ಜಾಗದಲ್ಲಿ ಮಾತ್ರ ಆಶ್ ಪಟ್ಟಿಗಳು, ದಪ್ಪ 2.2–12.5–2.2. ಅದೇ ಗ್ಲಾಸ್, ಜೊತೆಗೆ ಉದ್ದಕ್ಕೂ ಎರಡು ಕಾರ್ಬನ್ ಪಟ್ಟಿ. 1,800 ಗ್ರಾಂ.

ಬೈಂಡಿಂಗ್ ಎರಡಕ್ಕೂ ಸ್ಕೀಯ ಮಧ್ಯಬಿಂದುವಿನಿಂದ 6 ಸೆಂ.ಮೀ. ಹಿಂದೆ. ವಿಸ್ಲರ್‌ನ ಭಾರದ ಹೊಸ ಹಿಮದಲ್ಲಿ ಜೊತೆ 1 ಆರಾಮವಾಗಿ ತೇಲುತ್ತೆ, ಜೊತೆ 2ರ ಟಿಪ್ (ಮುಂದಿನ ತುದಿ) ಮುಳುಗುತ್ತೆ. ಮುಂದಿನ ತಿಂಗಳು ರೆವೆಲ್‌ಸ್ಟೋಕ್‌ನಲ್ಲಿ ಒಂದು ವಾರ ಸರಿಯಾಗಿ ಟೆಸ್ಟ್ ಮಾಡೋ ಯೋಜನೆ ಇದೆ. ಓಡಿಸೋರು ಇಬ್ಬರು, ಒಬ್ಬರು 72 ಕೆ.ಜಿ., ಇನ್ನೊಬ್ಬರು 95.

ಹೋಗೋ ಮುಂಚೆ ಏನೇನು ಅಳೆಯಬೇಕು? ಹಿಮದ ಮೇಲೆ ಹೋಲಿಕೆ ಹೇಗೆ ಮಾಡಬೇಕು? ಟಿಪ್ ಮುಳುಗೋದು ಬೈಂಡಿಂಗ್ ಜಾಗದ ತಪ್ಪೋ ಸ್ಕೀಯ ಬಿಗುವಿನ ತಪ್ಪೋ ಅಂತ ಹೇಗೆ ಕಂಡುಹಿಡಿಯೋದು?

ಮರದ_ಹೊಟ್ಟು:

ಬೆಟ್ಟ ಹತ್ತೋ ಮುಂಚೆ ಮೇಜಿನ ಮೇಲೇ ಅರ್ಧ ಉತ್ತರ ಸಿಗುತ್ತೆ. ಪೌಡರ್ ಬಹಳ ಉದಾರಿ. ಬೇಸ್ ಸಪಾಟಾಗಿಲ್ಲದಿದ್ದರೂ, ಸ್ಕೀ ಸ್ವಲ್ಪ ತಿರುಚಿದ್ದರೂ ಅಲ್ಲಿ ಗೊತ್ತೇ ಆಗಲ್ಲ. ಆ ದೋಷಗಳನ್ನ ಮೊದಲು ತೆಗೆದುಹಾಕದಿದ್ದರೆ ಹಿಮದ ಮೇಲೆ ಏನನ್ನ ಹೋಲಿಸ್ತಾ ಇದ್ದೀರಿ ಅನ್ನೋದೇ ಗೊಂದಲ ಆಗುತ್ತೆ.

ಎಲ್ಲ ಅಳತೆಗೂ ಮುಂಚೆ ಸ್ಕೀಗಳನ್ನ ಒಂದು ರಾತ್ರಿ ಹೊರಗೆ ಚಳಿಯಲ್ಲಿಡಿ. ಬೇಸಿನ ಪಾಲಿಎಥಿಲೀನ್ ಗ್ಲಾಸಿಗಿಂತ, ಸ್ಟೀಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕುಗ್ಗುತ್ತೆ. ಗರಾಜಿನಲ್ಲಿ 20 ಡಿಗ್ರಿಯಲ್ಲಿ ಅಳೆದ ಕ್ಯಾಂಬರ್ ಮೈನಸ್ 10ರಲ್ಲಿ ಅಷ್ಟೇ ಇರುತ್ತೆ ಅಂತ ನಂಬೋ ಹಾಗಿಲ್ಲ.

ಆಮೇಲೆ ಬೇಸಿಗೆ ಬೇಸು ತಾಗಿಸಿ ನಡುವೆ ಕ್ಲ್ಯಾಂಪ್ ಹಾಕಿ, ಕ್ಯಾಂಬರ್ ಪೂರ್ತಿ ಮುಚ್ಚೋವರೆಗೆ ಒತ್ತಿ. ಒಂದು ತೆಳು ಕಾಗದದ ಚೀಟಿಯನ್ನ ಟಿಪ್ ಕಡೆಯಿಂದ ಒಳಗೆ ತಳ್ಳಿ. ಎಲ್ಲಿ ನಿಲ್ಲುತ್ತೋ ಅದೇ ನಿಜವಾದ ಸಂಪರ್ಕ ಬಿಂದು. ಎಡಗಡೆ ಎಡ್ಜಿನಲ್ಲಿ (ಉಕ್ಕಿನ ಅಂಚಿನಲ್ಲಿ) ಒಂದು ಕಡೆ, ಬಲಗಡೆ ಎಡ್ಜಿನಲ್ಲಿ ಇನ್ನೊಂದು ಕಡೆ ನಿಂತರೆ ಸ್ಕೀ ತಿರುಚಿದೆ ಅಂತ ಅರ್ಥ. ಐದಾರು ಮಿ.ಮೀ. ವ್ಯತ್ಯಾಸ ನಡೆಯುತ್ತೆ. ಎರಡು ಸೆಂ.ಮೀ. ಬಂದರೆ ಆ ಸ್ಕೀಯನ್ನ ಹೋಲಿಕೆಗೆ ಬಳಸಬೇಡಿ.

ಬೇಸಿನ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ. ಎಡ್ಜ್‌ಗಳು ಎತ್ತರವಾಗಿ ನಡುವೆ ಬೆಳಕು ಕಂಡರೆ ಸ್ಕೀ ಗಟ್ಟಿ ಹಿಮದಲ್ಲಿ ಕಚ್ಚಿ ಎಳೆಯುತ್ತೆ. ಬೇಸ್ ಉಬ್ಬಿದ್ದರೆ ಅತ್ತಿತ್ತ ಈಜಾಡುತ್ತೆ. ಎಡ್ಜ್ ಕೋನ ಎರಡೂ ಜೊತೆಗೆ ಒಂದೇ ಇರಲಿ, ಬೇಸ್ ಕಡೆ 1 ಡಿಗ್ರಿ, ಪಕ್ಕಕ್ಕೆ 2 ಸಾಕು. ಸಂಪರ್ಕ ಬಿಂದುವಿನಿಂದ ಆಚೆಗಿನ ಎಡ್ಜನ್ನ ಮೊಂಡು ಮಾಡಿ.

ಇನ್ನು ಬಿಗುವು. ಎರಡು ಆಧಾರಗಳನ್ನ 60 ಸೆಂ.ಮೀ. ದೂರದಲ್ಲಿಟ್ಟು, ಬೂಟ್ ಬರೋ ಜಾಗ ನಡುವೆ ಬರೋ ಹಾಗೆ ಸ್ಕೀ ಮಲಗಿಸಿ. 20 ಕೆ.ಜಿ. ತೂಗುಹಾಕಿ ಡಯಲ್ ಗೇಜಿನಲ್ಲಿ ಬಾಗಿದ್ದನ್ನ ಓದಿ. ಬಲ 196 ನ್ಯೂಟನ್. ಅದನ್ನ 0.6ರ ಘನದಿಂದ ಗುಣಿಸಿ, 48 ಗುಣ ಬಾಗಿದ ಮೀಟರ್‌ನಿಂದ ಭಾಗಿಸಿದರೆ ಬಾಗು ಬಿಗುವು ಬರುತ್ತೆ. 3 ಮಿ.ಮೀ. ಬಾಗಿದರೆ ಸುಮಾರು 294 ನ್ಯೂಟನ್-ಚದರ ಮೀಟರ್. ಒಂದು ಜೊತೆಯ ಎಡ ಬಲ ಸ್ಕೀಗಳ ನಡುವೆ 5 ಶೇಕಡಾಗಿಂತ ಜಾಸ್ತಿ ಅಂತರ ಇರಬಾರದು.

ಟಿಪ್ಪಿಗೆ ಬೇರೆ ಅಳತೆ ಬೇಕು. ಮುಂದಿನ ಸಂಪರ್ಕ ಬಿಂದುವಿನಲ್ಲಿ ಮೇಜಿಗೆ ಬಿಗಿದು, ಟಿಪ್ಪಿನಿಂದ 2 ಸೆಂ.ಮೀ. ಒಳಗೆ 2 ಕೆ.ಜಿ. ತೂಗುಹಾಕಿ.

ಅಳೆಯೋ ಮುಂಚೆಯೇ ಒಂದು ಅನುಮಾನ ಹೇಳ್ತೀನಿ. ಬಿಗುವನ್ನ ಮುಖ್ಯವಾಗಿ ನಿರ್ಧರಿಸೋದು ಮೇಲಿನ ಗ್ಲಾಸಿಗೂ ಕೆಳಗಿನ ಗ್ಲಾಸಿಗೂ ಇರೋ ದೂರದ ವರ್ಗ. ಗ್ಲಾಸ್ ಪದರ ಸುಮಾರು 0.6 ಮಿ.ಮೀ. ಅಂದುಕೊಂಡರೆ ಟಿಪ್ಪಿನಲ್ಲಿ ಆ ದೂರ ಜೊತೆ 1ಕ್ಕೆ 2.6, ಜೊತೆ 2ಕ್ಕೆ 2.8. ವರ್ಗ ಮಾಡಿದರೆ 16 ಶೇಕಡಾ ಬಿಗುವು ಜಾಸ್ತಿ. ಬರೀ 0.2 ಮಿ.ಮೀ.ಗೆ ಇಷ್ಟು! ಇದು ಕಾರ್ಬನ್ ಲೆಕ್ಕಕ್ಕೆ ತಗೊಳ್ಳದೆ. ಆ ಪಟ್ಟಿಗಳನ್ನ ಟಿಪ್ ತುದಿವರೆಗೂ ಎಳೆದಿದ್ದೀರಾ?

ಕೊಲಂಬಿಯಾ_ಕಣಿವೆ (ರೆವೆಲ್‌ಸ್ಟೋಕ್):

ಮೇಜಿನ ಕೆಲಸ ಮೇಲಿನವರು ಹೇಳಿದ್ದಾರೆ. ನಾನು ಬೆಟ್ಟದ ಮೇಲಿನ ಭಾಗ ಹೇಳ್ತೀನಿ.

ಹಿಮ ಎಷ್ಟು ಆಳ ಅನ್ನೋದಕ್ಕಿಂತ ಎಷ್ಟು ಭಾರ ಅನ್ನೋದು ಮುಖ್ಯ. ನೆಟ್ಟಗಿನ ಗೋಡೆಯ, ಸರಿಯಾಗಿ 1 ಲೀಟರ್ ಹಿಡಿಯೋ ಸ್ಟೀಲ್ ಡಬ್ಬಿ ಒಂದು ಇಟ್ಕೊಳ್ಳಿ. ಹೊಸ ಹಿಮದ ಪದರದಲ್ಲಿ ಗುಂಡಿ ತೋಡಿ, ಪಕ್ಕದ ಗೋಡೆಗೆ ಡಬ್ಬಿಯನ್ನ ಅಡ್ಡಲಾಗಿ ನಿಧಾನಕ್ಕೆ ತಳ್ಳಿ, ಬಾಯಿಯನ್ನ ತೆಳು ಲೋಹದ ಪಟ್ಟಿಯಿಂದ ಕೊಯ್ದು ತೂಗಿ. ಒತ್ತಿ ತುಂಬಬಾರದು. ಡಬ್ಬಿ ತೂಕ ಕಳೆದು 80 ಗ್ರಾಂ ಬಂದರೆ ಆ ಹಿಮ ಘನ ಮೀಟರಿಗೆ 80 ಕೆ.ಜಿ. ಬೇರೆ ಲೆಕ್ಕವೇ ಬೇಡ. ಡಬ್ಬಿ ಬೆಚ್ಚಗಿದ್ದರೆ ಹಿಮ ಅಂಟುತ್ತೆ, ಅದಕ್ಕೆ ಬ್ಯಾಗಿನ ಹೊರಗಡೆ ಜೇಬಿನಲ್ಲಿಡಿ. ಕರಾವಳಿ ಪರ್ವತಗಳಲ್ಲಿ (ವಿಸ್ಲರ್ ಇರೋದು ಅಲ್ಲೇ) ಹೊಸ ಹಿಮ ಸಾಮಾನ್ಯವಾಗಿ 100 ದಾಟುತ್ತೆ, ಇಲ್ಲಿ ಸೆಲ್ಕರ್ಕ್ ಪರ್ವತಗಳ ಕಡೆ ಚಳಿ ಬಿರುಗಾಳಿಯಲ್ಲಿ 60–80 ಸಿಗುತ್ತೆ.

ನಿಮ್ಮ ಯೋಜನೆಯ ದೊಡ್ಡ ತೊಂದರೆ ಇರೋದೇ ಇಲ್ಲಿ. ಭಾರದ ಹಿಮ ಟಿಪ್ಪನ್ನ ಜೋರಾಗಿ ತಳ್ಳುತ್ತೆ. ಮೆದು ಟಿಪ್ ಮೇಲಕ್ಕೆ ಬಾಗಿ ತೇಲುತ್ತೆ, ಬಿಗಿ ಟಿಪ್ ನೆಟ್ಟಗೇ ಒಳಗೆ ನುಗ್ಗುತ್ತೆ, ಸ್ಕೀ ತಟ್ಟನೆ ನಿಧಾನ ಆಗುತ್ತೆ, ಮೈ ಮುಂದಕ್ಕೆ ವಾಲುತ್ತೆ, ಟಿಪ್ ಇನ್ನಷ್ಟು ಒಳಗೆ ಹೋಗುತ್ತೆ. ಹಗುರ ಹಿಮದಲ್ಲಿ ತಳ್ಳೋ ಬಲವೇ ಕಮ್ಮಿ. ಹಾಗಾಗಿ ಇಲ್ಲಿ ನಿಮ್ಮ ಎರಡೂ ಜೊತೆ ಹೆಚ್ಚುಕಮ್ಮಿ ಒಂದೇ ಥರ ಓಡಬಹುದು. ಅಷ್ಟಕ್ಕೇ ಜೊತೆ 2 ಸರಿ ಇದೆ ಅಂತ ತೀರ್ಮಾನಿಸಿದರೆ ವಿಸ್ಲರ್‌ಗೆ ವಾಪಸ್ ಹೋದಮೇಲೆ ಮತ್ತೆ ಅದೇ ಕಥೆ. ವಾರದಲ್ಲಿ ಬಿಸಿಲು ಬಿದ್ದು ಅಥವಾ ಗಾಳಿ ಒತ್ತಿ ಹಿಮ ಭಾರವಾದ ದಿನ ಬಂದರೆ ಬೇಜಾರು ಮಾಡ್ಕೋಬೇಡಿ, ನಿಮ್ಮ ಟೆಸ್ಟಿಗೆ ಅದೇ ಒಳ್ಳೆ ದಿನ.

ಜಾಗ: ಇಲ್ಲಿನ ರೆಸಾರ್ಟ್ ಮೇಲಿಂದ ಕೆಳಕ್ಕೆ 1,713 ಮೀಟರ್ ಇಳಿಯುತ್ತೆ. ಮೇಲೆ ಪೌಡರ್ ಇದ್ದ ದಿನವೇ ಕೆಳಗೆ ಒದ್ದೆ ಹಿಮ ಇರುತ್ತೆ. ಪೂರ್ತಿ ಇಳಿದು ಅಭಿಪ್ರಾಯ ಬರೆದರೆ ನಾಲ್ಕು ಥರದ ಹಿಮದ ಕಲಸುಮೇಲೋಗರ ಆಗುತ್ತೆ. 150 ಮೀಟರ್ ಇಳಿತದ ಒಂದೇ ತುಂಡು ಆರಿಸಿ, ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಇಳಿಜಾರು 24ರಿಂದ 28 ಡಿಗ್ರಿ. 20ಕ್ಕಿಂತ ಕಮ್ಮಿ ಇದ್ದರೆ ಆಳದ ಹಿಮದಲ್ಲಿ ಯಾವ ಸ್ಕೀಯೂ ಸರಿಯಾಗಿ ಓಡಲ್ಲ. 30 ದಾಟಿದರೆ ಹಿಮಕುಸಿತದ ಇಳಿಜಾರು. ನಿಮ್ಮ ಇಳಿಜಾರು 26 ಇದ್ದರೂ ಮೇಲ್ಗಡೆ 38ರದು ಅಂಟಿಕೊಂಡಿದ್ದರೆ ಅದು ನಿಮ್ಮ ತಲೆ ಮೇಲೇ ಬರುತ್ತೆ, ಮೇಲ್ಗಡೆಯೂ ನೋಡಿ.

ಟೆಸ್ಟ್ ಮಾಡದ ಸ್ಕೀ ಹಾಕ್ಕೊಂಡು ರೆಸಾರ್ಟ್ ಗಡಿ ದಾಟಲೇಬೇಡಿ. ಎಡ್ಜ್ ಕಿತ್ತು ಬಂದರೆ, ಬೈಂಡಿಂಗ್ ಕಿತ್ತರೆ ಎದೆಮಟ್ಟದ ಹಿಮದಲ್ಲಿ ಒಂದು ಕಿಲೋಮೀಟರ್ ನಡೆಯೋಕೂ ಅರ್ಧ ದಿನ ಬೇಕು. ಸ್ಕೀ ಪ್ಯಾಟ್ರೋಲ್‌ನವರು (ರೆಸಾರ್ಟಿನ ಸುರಕ್ಷತೆ ನೋಡೋರು) ತೆರೆದ ಜಾಗಗಳಲ್ಲೇ ಬೇಕಾದಷ್ಟು ಪೌಡರ್ ಸಿಗುತ್ತೆ. ಒಳಗಿದ್ದರೂ ಹಿಮದಡಿ ಸಿಕ್ಕವರನ್ನ ಹುಡುಕೋ ಟ್ರಾನ್ಸೀವರ್, ಪ್ರೋಬ್ ಕೋಲು, ಸಲಿಕೆ ಇರಲಿ. ಅವಲಾಂಚ್ ಕೆನಡಾ ಸಂಸ್ಥೆಯ ಹಿಮಕುಸಿತದ ಮುನ್ಸೂಚನೆ ಸಂಜೆ ಹೊತ್ತಿಗೆ ಮರುದಿನದ್ದು ಬರುತ್ತೆ, ಓದಿ ಮಲಗಿ. ಮರಗಳ ಬುಡದಲ್ಲಿ ಕೊಂಬೆಗಳ ಕೆಳಗೆ ಟೊಳ್ಳು ಗುಂಡಿ ಇರುತ್ತೆ. ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳೋಕಾಗಲ್ಲ, ಉಸಿರು ಕಟ್ಟುತ್ತೆ. ಸ್ಕೀ ಹೇಗೆ ತಿರುಗುತ್ತೆ ಅಂತಲೇ ಗೊತ್ತಿಲ್ಲದಾಗ ಒತ್ತೊತ್ತಾಗಿರೋ ಮರಗಳ ನಡುವೆ ಹೋಗಬೇಡಿ. ಹೋದರೆ ಇಬ್ಬರೂ ಒಬ್ಬರಿಗೊಬ್ಬರು ಕಾಣೋ ದೂರದಲ್ಲೇ ಇರಿ.

ಓಡಿಸೋ ಕ್ರಮ: 1, 2, 2, 1. ಹಿಮ ಗಂಟೆಗಂಟೆಗೆ ಕೆಡುತ್ತೆ. ಬೆಳಿಗ್ಗೆ ಪೂರ್ತಿ ಜೊತೆ 1, ಮಧ್ಯಾಹ್ನ ಜೊತೆ 2 ಅಂದರೆ ಮೊದಲನೆಯದು ಯಾವಾಗಲೂ ಗೆಲ್ಲುತ್ತೆ. ಈ ಕ್ರಮದಲ್ಲಿ ಆ ಕೆಡುವಿಕೆ ಎರಡಕ್ಕೂ ಸಮ ಹಂಚಿಹೋಗುತ್ತೆ. ಪ್ರತಿ ಸಲ ಹಿಂದಿನ ಗೆರೆಯ ಪಕ್ಕದ ಮುಟ್ಟದ ಹಿಮ. ಎರಡೂ ಜೊತೆಗೆ ಒಂದೇ ದಿನ, ಒಂದೇ ಮೇಣ, ಒಂದೇ ಬೂಟು, ಒಂದೇ ಮಾದರಿ ಬೈಂಡಿಂಗ್. ಟಾಪ್‌ಶೀಟ್ (ಸ್ಕೀಯ ಮೇಲಿನ ಹಾಳೆ) ಮೇಲೆ ಒಂದೇ ಬಣ್ಣದ ಟೇಪ್ ಸುತ್ತಿ. 350 ಗ್ರಾಂ ತೂಕದ ವ್ಯತ್ಯಾಸ ಕೈಗೆ ಗೊತ್ತಾಗೇ ಆಗುತ್ತೆ, ಪೂರ್ತಿ ಮುಚ್ಚಿಡೋಕಾಗಲ್ಲ. ಆದರೂ ಹೊತ್ತು ತರೋ ಕೆಲಸ ಇನ್ನೊಬ್ಬರಿಗೆ ಕೊಟ್ಟರೆ ಸ್ವಲ್ಪ ಸಹಾಯ.

ಇಬ್ಬರ ಅಭಿಪ್ರಾಯದ ಸರಾಸರಿ ತೆಗೀಬೇಡಿ. ನಿಮ್ಮ ಸ್ಕೀ ಜೊತೆಯ ತಳ ಸುಮಾರು 0.45 ಚದರ ಮೀಟರ್. ಸಾಮಾನು ಸೇರಿ 82 ಕೆ.ಜಿ. ಆದವರು ಹಿಮವನ್ನ ಸುಮಾರು 1.8 ಕಿಲೋಪಾಸ್ಕಲ್ ಒತ್ತುತ್ತಾರೆ, 105 ಆದವರು 2.3. ಅವರಿಬ್ಬರೂ ಬೇರೆ ಬೇರೆ ಅಳತೆಯ ಸ್ಕೀ ಓಡಿಸ್ತಿದ್ದಾರೆ ಅಂತಲೇ ಲೆಕ್ಕ ಹಾಕಿ.

ಅಂಕಪಟ್ಟಿ ಚಿಕ್ಕದಿರಲಿ, ಲಿಫ್ಟಿನಲ್ಲೇ ತುಂಬಿ: ಮೊದಲ 30 ಮೀಟರಿನಲ್ಲಿ ಟಿಪ್ ಎಷ್ಟು ಬೇಗ ಮೇಲೆ ಬಂತು, ತಿರುವು ಶುರು ಮಾಡೋಕೆ ಎಷ್ಟು ಬಲ, ಪಕ್ಕಕ್ಕೆ ಜಾರಿಸಿ ವೇಗ ತಗ್ಗಿಸೋಕೆ ಬಂತಾ, ತುಳಿದ ಹಿಮ ಹೊಕ್ಕಾಗ ಟಿಪ್ ಬಡಿದಾಡಿತಾ. "ಮಜಾ ಬಂತು" ಅನ್ನೋ ಕಾಲಂ ಬೇಡ.

ಸ್ಕ್ರೂ_ನಂಬರ್_3 (ಧಾರವಾಡ, ಈಗ ಕ್ಯಾಲ್ಗರಿ):

ಬೈಂಡಿಂಗ್ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನ್ರಿ. ಟೆಸ್ಟ್ ಮುಗಿಯೂತನಾ ಬಾಡಿಗಿ ಅಂಗಡ್ಯಾಗ ಇರ್ತಾವಲ್ಲ, ಹಳಿ ಮ್ಯಾಲ ಹಿಂದ ಮುಂದ ಸರಿಯೋ ಡೆಮೊ ಬೈಂಡಿಂಗ್, ಅವನ್ನ ಹಾಕ್ರಿ. ಸ್ವಲ್ಪ ತೂಕ ಜಾಸ್ತಿ, ಎತ್ತರಾನೂ ಜಾಸ್ತಿ, ಖರೆ. ಆದ್ರ ಎರಡೂ ಜೋಡಿಗೆ ಅದನ್ನೇ ಹಾಕಿದ್ರ ಹೋಲಿಕಿಗೆ ಅಡ್ಡಿ ಇಲ್ಲ. ಬ್ಯಾರೆ ಬ್ಯಾರೆ ಕಂಪನಿದು ಹಾಕಿದ್ರ ಹಿಮ್ಮಡಿ ಎತ್ತರ ಬದಲಾಗ್ತೈತಿ, ಹಿಮ್ಮಡಿ 5 ಮಿ.ಮೀ. ಎದ್ದರೂ ಭಾರ ಮುಂದ ಬೀಳ್ತೈತಿ. ಆಮ್ಯಾಲ ಟಿಪ್ ಮುಳುಗಿದ್ದು ಸ್ಕೀ ತಪ್ಪೋ ಬೈಂಡಿಂಗ್ ತಪ್ಪೋ ಹೆಂಗ್ ಹೇಳ್ತೀರಿ?

ಮಧ್ಯಬಿಂದು ಅಳಿಯೂದು ಹೆಂಗ ಅಂದ್ರ, ಟೇಲಿನಿಂದ (ಹಿಂದಿನ ತುದಿಯಿಂದ) ಟಿಪ್ಪಿಗೆ ಅಳತಿ ಟೇಪ್ ನೆಟ್ಟಗ ಎಳೀರಿ, ಬೇಸಿನ ವಕ್ರಕ್ಕ ಅಂಟಿಸಿ ಎಳಿಬ್ಯಾಡ್ರಿ. ಅದರ ಅರ್ಧ. ಅಲ್ಲಿಂದ ಹಿಂದ 6, 7, 8 ಸೆಂ.ಮೀ., ಮೂರು ಗುರುತು ಹಾಕ್ರಿ.

ಟಿಪ್ ಮುಳುಗೂದನ್ನ ಕಣ್ಣಳತಿ ಮ್ಯಾಲ ಹೇಳಬ್ಯಾಡ್ರಿ. ಒಬ್ಬಾಂವ ಅಡ್ಡಕ್ಕ ನಿಂತು ಫೋನ್‌ನ್ಯಾಗ ಸ್ಲೋ ಮೋಷನ್ ತಗೀಲಿ. ಇನ್ನೊಬ್ಬಾಂವ ತಿರುವು ಹಾಕದ ನೆಟ್ಟಗ, ಮೈ ನಡುವ ಇಟ್ಟು ಅವನ ಮುಂದ ಹಾದು ಹೋಗ್ಲಿ. ಟಿಪ್ಪಿನ ಮ್ಯಾಲ 10 ಸೆಂ.ಮೀ.ಗೆ ಒಂದರಂಗ ಕೆಂಪು ಟೇಪ್ ಪಟ್ಟಿ ಹಚ್ಚಿದ್ರ ಎಷ್ಟು ಪಟ್ಟಿ ಹಿಮದ ಹೊರಗ ಕಾಣ್ತಾವ ಅಂತ ಎಣಿಸಬಹುದು. 6ರಿಂದ 7ಕ್ಕ ಸರಿಸಿದಾಗ ಟಿಪ್ ಛಲೋ ಎದ್ದು ಬಂತು ಅಂದ್ರ ಬೈಂಡಿಂಗ್ ಜಾಗಾದ್ದ ತಪ್ಪು. 8ಕ್ಕ ಹೋದ್ರೂ ಮುಳುಗೇ ಮುಳುಗ್ತೈತಿ ಅಂದ್ರ ಟಿಪ್ ಬಿಗಿ ಐತಿ. ಟಿಪ್ ಎದ್ದೈತಿ ಆದ್ರ ಸ್ಕೀ ತಿರುಗವಲ್ದು ಅಂದ್ರ ಹಿಂದ ಜಾಸ್ತಿ ಹೋಗೀರಿ. ಮುಳುಗೂದಿಲ್ಲ, ಪಕ್ಕಕ್ಕ ಎಳೀತೈತಿ ಅಂದ್ರ ಅದು ಬ್ಯಾರೆ ರೋಗ. ಅಗಲಾದ ಜಾಗ ಭಾಳ ಮುಂದ ಐತಿ, ಇಲ್ಲಾ ಎಡ್ಜ್ ಮೊಂಡು ಮಾಡಿಲ್ಲ.

ಪೌಲೋನಿಯಾ ಸ್ಕ್ರೂ ಹಿಡಿಯೂದಿಲ್ರಿ, ಮೆತ್ತಗಿನ ಕಟಿಗಿ. ಆಶ್ ಪಟ್ಟಿ ಎಲ್ಲಿ ಮುಗಿತಾವ ಅಂತ ಡ್ರಾಯಿಂಗ್ ನೋಡಿ ಖಾತ್ರಿ ಮಾಡ್ಕೋರಿ. ಡೆಮೊ ಹಳಿ ಉದ್ದ ಇರ್ತೈತಿ, ಅದರ ಹಿಂದಿನ ಸ್ಕ್ರೂ ಆಶ್ ದಾಟಿ ಹೋಗಬಾರದು. ಲೋಹದ ಪದರ ಇಲ್ಲದ ಸ್ಕೀಗೆ 3.5 ಮಿ.ಮೀ. ಡ್ರಿಲ್, 9 ಮಿ.ಮೀ. ಆಳಕ್ಕ ನಿಲ್ಲೋ ಕಾಲರ್ ಇದ್ದದ್ದು. 4.1ದು ಲೋಹ ಇದ್ದ ಸ್ಕೀಗೆ, ಅದನ್ನ ಇಲ್ಲಿ ಬಳಸಿದ್ರ ಸ್ಕ್ರೂ ಸಡಿಲ. ಅದ ಲೇಅಪ್‌ನ (ಪದರ ಜೋಡಣಿಯ) ತುಂಡು ಉಳಿದಿದ್ರ ಅದರಾಗ ಒಂದು ಸ್ಕ್ರೂ ಹಾಕಿ ಸನ್ನಿ ಕೋಲಿನಿಂದ ಎಬ್ಬಿಸಿ ನೋಡ್ರಿ, ಪಾಪ್ಲರ್ ತುಂಡಿನ ಜೋಡಿ ಹೋಲಿಸ್ರಿ. ಬೆಟ್ಟದ ಮ್ಯಾಲ ಮೊದಲ ಎರಡ್ಮೂರು ಇಳಿತ ಆದಮ್ಯಾಲ ನಂಬರ್ 3 ಪೋಜಿಡ್ರೈವ್‌ನಿಂದ ಎಲ್ಲಾ ಸ್ಕ್ರೂ ಮುಟ್ಟಿ ನೋಡ್ರಿ. ಯಾವುದಾದ್ರೂ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿದ್ರ ಅವತ್ತಿನ ಟೆಸ್ಟ್ ಅಷ್ಟಕ್ಕ ಬಂದ್.

ಹೊಸ ಸ್ಕೀ ಕಳಚ್ಕೊಂತೈತಿ ಅಂತ ಬೈಂಡಿಂಗ್ ಬೂಟನ್ನ ಬಿಡೋ ರಿಲೀಸ್ ಬಿಗಿ ಮಾಡಬ್ಯಾಡ್ರಿ. ತೂಕ, ಎತ್ತರ, ಬೂಟಿನ ಉದ್ದದ ಲೆಕ್ಕಕ್ಕ ಏನ್ ಬರ್ತೈತೋ ಅದ. ಆಳದ ಹಿಮದಾಗ ಕಳಚಿದ ಸ್ಕೀಗೆ ಬ್ರೇಕ್ ಕೆಲಸ ಮಾಡೂದಿಲ್ಲ, ಒಳಗ ಹೊಕ್ಕೊಂಡು ಹತ್ತಿಪ್ಪತ್ತು ಮೀಟರ್ ದೂರ ಹೋಗಿ ಕುಂತಿರ್ತೈತಿ. ಹಿಂದಿನ ಬ್ರೇಕಿಗೆ ಎರಡು ಮೀಟರ್ ಗಾಢ ಬಣ್ಣದ ರಿಬ್ಬನ್ ಕಟ್ಟಿ ಪ್ಯಾಂಟಿನ ಒಳಗ ಮಡಚಿ ಇಡ್ರಿ. ಕಾಲಿಗೆ ಮಾತ್ರ ಕಟ್ಟಬ್ಯಾಡ್ರಿ.

ಗುಲ್ಮಾರ್ಗ್_ಗೊಂಡೋಲ:

ಇದೇ ಥರದ ಟೆಸ್ಟ್ ಕಾಶ್ಮೀರದಲ್ಲಿ ಮಾಡೋ ಯೋಚನೆ ಇರೋರಿಗೆ ಒಂದು ಮಾತು. ಗುಲ್ಮಾರ್ಗ್‌ನಲ್ಲಿ ಗೊಂಡೋಲ (ಕೇಬಲ್ ಕಾರು) 2,650 ಮೀಟರಿನಿಂದ ಎರಡು ಹಂತದಲ್ಲಿ ಅಫರ್ವಟ್ ಶಿಖರದ ಹೆಗಲಿಗೆ, 3,900 ಮೀಟರ್ ದಾಟಿ ಏರುತ್ತೆ. ಮೇಲಿನ ಹಂತದಲ್ಲಿ ಇಳಿದಮೇಲೆ ಗೊಂಡೋಲ ಬೌಲ್ (ಬಟ್ಟಲಿನಂಥ ಇಳಿಜಾರು) ಬಿಟ್ಟರೆ ಅಕ್ಕಪಕ್ಕದ ಬೌಲ್‌ಗಳೆಲ್ಲ ಕಾಡು ಬೆಟ್ಟ ಅಂತಲೇ ತಿಳ್ಕೊಳ್ಳಿ, ಕೆನಡಾದ ರೆಸಾರ್ಟಿನ ಲೆಕ್ಕ ಅಲ್ಲಿ ನಡೆಯಲ್ಲ. ಮೊದಲ ಟೆಸ್ಟ್ ಕೆಳಗಿನ ಹಂತ ಮುಗಿಯೋ ಕಾಂಗ್ಡೂರಿ ನಿಲ್ದಾಣದ ಸುತ್ತಮುತ್ತ ಮುಗಿಸಿ. ಸ್ಕ್ರೂ, ಎಪಾಕ್ಸಿ, ಕ್ಲ್ಯಾಂಪ್, ಬೇಸ್ ತೇಪೆ ಸಾಮಾನೆಲ್ಲ ಮನೆಯಿಂದಲೇ ಹೊತ್ತುಕೊಂಡು ಹೋಗಿ.

ಗರಾಜ್_ಪ್ರೆಸ್:

ಎಲ್ಲರಿಗೂ ಧನ್ಯವಾದ. ಅಳತೆ ಮಾಡಿದೆ. ನಡುವೆ 20 ಕೆ.ಜಿ.ಗೆ ಜೊತೆ 1: 3.1 ಮಿ.ಮೀ., ಜೊತೆ 2: 2.6. ಟಿಪ್ಪಿನಲ್ಲಿ 2 ಕೆ.ಜಿ.ಗೆ ಜೊತೆ 1: 9.2 ಮಿ.ಮೀ., ಜೊತೆ 2: 6.1. ಕಾರ್ಬನ್ ತುದಿವರೆಗೂ ಇದೆ. ಈ ಜೊತೆಯನ್ನ ಉಳಿಸೋಕೆ ಏನಾದರೂ ದಾರಿ ಇದೆಯಾ, ಅಥವಾ ಮತ್ತೊಂದು ಒತ್ತಬೇಕಾ? ಟೆಸ್ಟ್ ಆದಮೇಲೆ ಒಡಕು ಎಲ್ಲೆಲ್ಲಿ ನೋಡಬೇಕು?

ಮರದ_ಹೊಟ್ಟು:

ಅಳತೆಯೇ ಎಲ್ಲ ಹೇಳ್ತಾ ಇದೆ. ನಡುವಿನ ವ್ಯತ್ಯಾಸ 19 ಶೇಕಡಾ, ಅದರಲ್ಲಿ 17 ಬರೀ ಕೋರ್ ದಪ್ಪದಿಂದಲೇ ಬರುತ್ತೆ. ಟಿಪ್ಪಿನಲ್ಲಿ 50 ಶೇಕಡಾ. ದಪ್ಪದ ಪಾಲು 16 ಕಳೆದರೂ ಉಳಿದದ್ದು ಕಾರ್ಬನ್ ತಲೆಗೇ. ಟಿಪ್ ಹತ್ತಿರ ಕೋರ್ ತೆಳು ಇರೋದರಿಂದ ಅದೇ ಪಟ್ಟಿಯ ಪಾಲು ಅಲ್ಲಿ ದೊಡ್ಡದಾಗುತ್ತೆ.

ಮೇಲಿಂದ ಸವೆಸಿ ಸರಿ ಮಾಡೋಕೆ ಹೋಗಬೇಡಿ. ಟಾಪ್‌ಶೀಟ್ ಕೊರೆದು ಗ್ಲಾಸ್ ಮುಟ್ಟಿದರೆ ನೀರು ಇಳಿಯೋಕೆ ನೀವೇ ಬಾಗಿಲು ತೆರೆದ ಹಾಗೆ. ಈ ಜೊತೆಗೆ ಇರೋ ದಾರಿ ಬೈಂಡಿಂಗ್ ಹಿಂದಕ್ಕೆ ಸರಿಸೋದೊಂದೇ. ಡೆಮೊದಲ್ಲಿ 7 ಅಥವಾ 7.5 ಒಪ್ಪಿಗೆಯಾದರೆ ಅಲ್ಲಿ ತೂತು ಹಾಕಿ. ಹಳೆ ತೂತಿಗೂ ಹೊಸದಕ್ಕೂ ನಡುವಿನಿಂದ ನಡುವಿಗೆ ಕನಿಷ್ಠ 10 ಮಿ.ಮೀ. ಇರಲಿ. ಹಳೆ ತೂತಿಗೆ ಎಪಾಕ್ಸಿ ಹಚ್ಚಿದ ಗಟ್ಟಿ ಮರದ ಬೆಣೆ ಹೊಡೆದು ಸಮ ಮಾಡಿ. 95 ಕೆ.ಜಿ. ಅವರಿಗೆ ಈ ಸ್ಕೀ ಈಗಿರೋ ಹಾಗೇ ಹಿಡಿಸಬಹುದು, ತುಳಿದ ಹಿಮದಲ್ಲಿ ಬಿಗಿ ಟಿಪ್ ಬಡಿದಾಡಲ್ಲ. ಅವರ ಅಂಕಪಟ್ಟಿ ನೋಡದೆ ಎಸೀಬೇಡಿ.

ಮುಂದಿನದು ಒತ್ತುವಾಗ ಟಿಪ್ಪಿನ ಕೋರ್ 1.8ಕ್ಕೆ ಇಳಿಸಿ. ಕಾರ್ಬನ್ ಪಟ್ಟಿಯನ್ನ ಸಂಪರ್ಕ ಬಿಂದುವಿಗಿಂತ ಹಿಂದೆಯೇ ನಿಲ್ಲಿಸಿ. ನೆಟ್ಟಗೆ ಕತ್ತರಿಸಿ ನಿಲ್ಲಿಸಿದರೆ ಅಲ್ಲೇ ಬಾಗಿ ಬಾಗಿ ಒಂದು ದಿನ ಮುರಿಯುತ್ತೆ. ತುದಿಯನ್ನ ಉದ್ದ ಚೂಪಾಗಿ ಕತ್ತರಿಸಿ, ಎರಡು ಪಟ್ಟಿಗಳೂ ಒಂದೇ ಕಡೆ ಮುಗಿಯದ ಹಾಗೆ ನಾಲ್ಕೈದು ಸೆಂ.ಮೀ. ಹಿಂದೆಮುಂದೆ ಇಡಿ. ಗುರಿ 2 ಕೆ.ಜಿ.ಗೆ 9 ಮಿ.ಮೀ. ಹತ್ತಿರ.

ಒಡಕು: ದಿನದ ಕೊನೆಗೆ ಸ್ಕೀ ಒಣಗಿಸಿ ಟಿಪ್ಪಿನಿಂದ ಟೇಲಿನವರೆಗೆ ನಾಣ್ಯದಿಂದ ತಟ್ಟುತ್ತಾ ಬನ್ನಿ. ಗಟ್ಟಿ ಟಕ್ ಟಕ್ ಸದ್ದು ಎಲ್ಲಿ ಟೊಳ್ಳಾಗುತ್ತೋ ಅಲ್ಲಿ ಪದರ ಬಿಟ್ಟಿದೆ. ಸೈಡ್‌ವಾಲ್ (ಸ್ಕೀಯ ಪಕ್ಕದ ಗೋಡೆ) ಅಂಚಿಗೆ 0.1 ಮಿ.ಮೀ. ಫೀಲರ್ ಗೇಜ್ (ತೆಳು ಲೋಹದ ಅಳತೆ ಪಟ್ಟಿ) ಹಾಕಿ ನೋಡಿ, ಒಳಗೆ ಹೋಗಬಾರದು. ಪಾಲಿಎಥಿಲೀನ್ ಸೈಡ್‌ವಾಲಿಗೆ ಅಂಟಿಸೋ ಮುಂಚೆ ಜ್ವಾಲೆ ತೋರಿಸಿಲ್ಲದಿದ್ದರೆ ಎಪಾಕ್ಸಿ ಹಿಡಿಯಲ್ಲ, ಮೊದಲು ಬಿಡೋದು ಅಲ್ಲೇ. ಎಡ್ಜ್ ಮೇಲಿನ ರಬ್ಬರ್ ಪಟ್ಟಿ ಬಿಟ್ಟುಹೋಗಿರೋ ಕಡೆ ಬಂಡೆ ತಾಗಿದರೆ ಎಡ್ಜ್ ಹೊರಗೆ ಬರುತ್ತೆ. ಸಣ್ಣ ಬಿರುಕು ಕಂಡರೂ ಅವತ್ತೇ ರಾತ್ರಿ ರೂಮಿನಲ್ಲಿ ಬೆಚ್ಚಗೆ ಇಟ್ಟು ಪೂರ್ತಿ ಒಣಗಿಸಿ, ತೆಳು ಎಪಾಕ್ಸಿ ಇಳಿಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಕ್ಲ್ಯಾಂಪ್ ಹಾಕಿ. ಹಾಗೇ ಕಾರಿನ ಮೇಲೆ ಬಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಬೆಳಿಗ್ಗೆಗೆ ಬಿರುಕು ಇಮ್ಮಡಿ ಆಗಿರುತ್ತೆ. ಐದು ನಿಮಿಷದ ಎಪಾಕ್ಸಿ ಬೇಡ, ಚಳಿಯಲ್ಲಿ ಪೆಡಸಾಗಿ ಒಡೆಯುತ್ತೆ. ನಿಧಾನಕ್ಕೆ ಗಟ್ಟಿಯಾಗೋದನ್ನೇ ಒಯ್ಯಿರಿ.

ಕೊಲಂಬಿಯಾ_ಕಣಿವೆ:

ಒಂದು ಸೇರಿಸ್ತೀನಿ. ಟಿಪ್ ಪಟ್ಟಿಗಳ ವಿಡಿಯೋ ತೆಗೆದ ಜಾಗದಲ್ಲೇ ಡಬ್ಬಿ ತೂಕವೂ ತೆಗೆದು, ಅದೇ ಫೈಲ್ ಹೆಸರಿನಲ್ಲಿ ಬರೆದಿಡಿ: ಜೊತೆ, ಬೈಂಡಿಂಗ್ ಜಾಗ, ಸಾಂದ್ರತೆ, ಓಡಿಸಿದವರ ತೂಕ. ವಿಸ್ಲರ್‌ನಲ್ಲಿ ಮತ್ತೆ ಘನ ಮೀಟರಿಗೆ 120 ಕೆ.ಜಿ.ಯ ಹಿಮ ಸಿಕ್ಕ ದಿನ ಇದೇ ನಾಲ್ಕು ಅಂಕಿ ಇಟ್ಕೊಂಡು ಹೋಲಿಸಬಹುದು.